80ಕ್ಕೆ ಕೂಗುವ ಬೀಪ್ ಸಾಲದು, ಕಾಲಿಗೆ ತಿಳಿಯುವ ಮಿತಿ ಬೇಕು

2019ರ ಜುಲೈ 1ರ ನಂತರ ನಮ್ಮಲ್ಲಿ ತಯಾರಾದ ಪ್ರತಿ ಕಾರಿನಲ್ಲೂ ಒಂದು ಬೀಪ್ ಇದೆ. ವೇಗದ ಮುಳ್ಳು ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗೊಮ್ಮೆ ಈಗೊಮ್ಮೆ ಕೂಗುತ್ತದೆ, 120 ದಾಟಿದರೆ ಬಿಡದೆ ಕೂಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ. ಅಲ್ಲಿ 95ರಲ್ಲಿ ನಿಯಮ ಪಾಲಿಸಿಕೊಂಡು ಹೋಗುವವರಿಗೂ ಈ ಬೀಪ್ ತಪ್ಪಿದ್ದಲ್ಲ. ಅದೇ ಗಾಡಿ ಊರೊಳಗೆ ಶಾಲೆಯ ಮುಂದೆ 70ರಲ್ಲಿ ನುಗ್ಗಿದರೆ ಕಮಕ್ ಕಿಮಕ್ ಅನ್ನುವುದಿಲ್ಲ. ಅದಕ್ಕೆ ರಸ್ತೆ ಗೊತ್ತಿಲ್ಲ, ಎರಡು ಅಂಕಿ ಮಾತ್ರ ಗೊತ್ತು. ತಪ್ಪು ಮಾಡದಾಗ ಕೂಗಿ, ತಪ್ಪು ಮಾಡಿದಾಗ ಸುಮ್ಮನಿರುವ ಸದ್ದಿಗೆ ಕಿವಿ ಎಷ್ಟು ದಿನ ಬೆಲೆ ಕೊಟ್ಟೀತು? ವಾರದಲ್ಲಿ ಅದು ಎಸಿ ಫ್ಯಾನಿನ ಸದ್ದಿನ ಹಾಗೆ ಕೇಳಿಸದೇ ಹೋಗುತ್ತದೆ.

ಹೊಸ ಕಾರುಗಳಲ್ಲಿ ತಾನಾಗಿಯೇ ವೇಗಕ್ಕೆ ಕಡಿವಾಣ ಹಾಕುವ ವ್ಯವಸ್ಥೆ ಬರಬೇಕೇ ಬೇಡವೇ ಎಂಬ ವಾದ ಮತ್ತೆ ಮತ್ತೆ ಏಳುತ್ತದೆ. ಬರಬೇಕು ಎನ್ನುವ ಕಡೆಯವನು ನಾನು. ಆದರೆ ಯಾವುದು ಬರಬೇಕು ಎನ್ನುವುದರಲ್ಲೇ ಇಡೀ ವಿಷಯ ಇದೆ. ಏಕೆಂದರೆ 'ಸ್ಪೀಡ್ ಲಿಮಿಟರ್' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನುಗಳು ಓಡಾಡುತ್ತಿವೆ.

ಮೊದಲನೆಯದು ಲಾರಿ, ಬಸ್ಸುಗಳ ಸ್ಪೀಡ್ ಗವರ್ನರ್, ಗೊತ್ತುಮಾಡಿದ ವೇಗ ದಾಟಲು ಬಿಡದ ಬೀಗ. ಕೇಂದ್ರ ಮೋಟಾರು ವಾಹನ ನಿಯಮ 118ರ ಪ್ರಕಾರ ಬಹುತೇಕ ಸಾರಿಗೆ ವಾಹನಗಳಿಗೆ 80, ಟ್ಯಾಂಕರ್, ಡಂಪರ್, ಶಾಲಾ ಬಸ್ಸಿಗೆ 60. ಟ್ಯಾಕ್ಸಿಗೆಂದೇ ಮಾರುವ ಹಳದಿ ಬೋರ್ಡ್ ಕಾರುಗಳೂ 80ಕ್ಕೆ ಲಾಕ್ ಆಗಿ ಬರುತ್ತವೆ. ಎರಡನೆಯದು ಕೆಲವು ಕಾರುಗಳ ಸ್ಟೀರಿಂಗ್ ಮೇಲೆ 'ಲಿಮ್' ಎಂದು ಬರೆದಿರುವ ಬಟನ್. ಮಿತಿಯನ್ನು ಓಡಿಸುವವರೇ ಇಟ್ಟುಕೊಳ್ಳುತ್ತಾರೆ. ಮೂರನೆಯದು ಯುರೋಪಿನಲ್ಲಿ ಕಡ್ಡಾಯವಾದದ್ದು, ಇಂಟೆಲಿಜೆಂಟ್ ಸ್ಪೀಡ್ ಅಸಿಸ್ಟೆನ್ಸ್, ಐಎಸ್‌ಎ. 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಅಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ. ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಇರುವ ನಮ್ಮವರು ಈಚೆಗೆ ಹೊಸ ಕಾರು ತೆಗೆದುಕೊಂಡಿದ್ದರೆ ಇದರ ಪರಿಚಯ ಆಗಿಯೇ ಇರುತ್ತದೆ.

ಐಎಸ್‌ಎ ಮಾಡುವ ಕೆಲಸ ಇಷ್ಟು. ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಇರುವ ಕ್ಯಾಮೆರಾ ರಸ್ತೆ ಬದಿಯ ಬೋರ್ಡ್ ಓದುತ್ತದೆ. ಹೆಚ್ಚಿನ ಕಾರುಗಳಲ್ಲಿ ಜಿಪಿಎಸ್ ಮತ್ತು ಮ್ಯಾಪ್ ಕೂಡ 'ಈ ರಸ್ತೆಯ ಮಿತಿ ಇಷ್ಟು' ಎಂದು ಹೇಳುತ್ತವೆ. ಎರಡನ್ನೂ ತಾಳೆ ನೋಡಿ ಮೀಟರಿನಲ್ಲಿ ಅಂಕಿ ತೋರಿಸುತ್ತದೆ. ಮಿತಿ ದಾಟಿದರೆ ಏನು ಮಾಡಬೇಕು ಎನ್ನುವುದಕ್ಕೆ ತಯಾರಕರಿಗೆ ನಾಲ್ಕು ದಾರಿ ಕೊಟ್ಟಿದ್ದಾರೆ: ಅಂಕಿ ಮಿನುಗಿ ಆಮೇಲೆ ಸದ್ದು, ಅಂಕಿ ಮಿನುಗಿ ಆಮೇಲೆ ಕಂಪನ, ಆಕ್ಸಿಲರೇಟರ್ ಪೆಡಲ್ ಪಾದವನ್ನು ಹಿಂದಕ್ಕೆ ತಳ್ಳುವುದು, ಇಲ್ಲವೇ ಎಂಜಿನ್ನೇ ಮೆಲ್ಲಗೆ ಶಕ್ತಿ ತಗ್ಗಿಸುವುದು. ಬ್ರೇಕ್ ಹಾಕುವ ಕೆಲಸ ಇದರದ್ದಲ್ಲ. ಪೆಡಲನ್ನು ಇನ್ನಷ್ಟು ಒತ್ತಿದರೆ ಗಾಡಿ ಮುಂದೆ ಹೋಗಲೇಬೇಕು. ಆಫ್ ಮಾಡಲೂ ಅವಕಾಶ ಇದೆ, ಆದರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ತಾನೇ ಆನ್ ಆಗಿರುತ್ತದೆ. 'ಕಾರು ನಮ್ಮ ಕೈಯಿಂದ ಹೋಯಿತು' ಎಂದು ಹೆದರುವವರು ಇದನ್ನು ಗಮನಿಸಬೇಕು.

ಇದು ಬೇಕು ಎನ್ನಲು ನನಗಿರುವ ಕಾರಣ ಸರಳ ಲೆಕ್ಕ. ಒಣ ಡಾಂಬರು, ಒಳ್ಳೆಯ ಟೈರ್, ಒಂದೊಂದು ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ಇಳಿಸುವ ಬ್ರೇಕ್, ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ. 80ರಲ್ಲಿರುವ ಕಾರು ಬ್ರೇಕ್ ಮುಟ್ಟುವ ಮೊದಲೇ 33 ಮೀಟರ್ ಹೋಗಿರುತ್ತದೆ, ಇನ್ನು 35 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 68. 100ರಲ್ಲಾದರೆ 97, 120ರಲ್ಲಾದರೆ 129. ಈಗ ಹೀಗೆ ನೋಡಿ: 70 ಮೀಟರ್ ಮುಂದೆ ಡಿವೈಡರ್ ಸಂದಿಯಿಂದ ಒಬ್ಬರು ರಸ್ತೆಗಿಳಿದರು. 80ರ ಕಾರು ಅವರ ಮುಂದೆ ನಿಂತಿರುತ್ತದೆ. 100ರ ಕಾರು ಅದೇ ಜಾಗಕ್ಕೆ ಬಂದಾಗ, ಬ್ರೇಕ್ ಪೂರ್ತಿ ಒತ್ತಿದ್ದರೂ, ಇನ್ನೂ ಹತ್ತಿರ ಹತ್ತಿರ 70ರ ವೇಗದಲ್ಲಿರುತ್ತದೆ. 'ಇಪ್ಪತ್ತು ಹೆಚ್ಚಾದರೆ ಏನು ಮಹಾ' ಎನ್ನುವ ಮಾತಿನ ಬೆಲೆ ಅಷ್ಟು. ಬೆಂಗಳೂರಿನಿಂದ ಮೈಸೂರಿಗೆ 119 ಕಿಲೋಮೀಟರ್ ಪೂರ್ತಿ 120ರಲ್ಲೇ ಹೋದರೂ 100ಕ್ಕಿಂತ ಉಳಿಯುವುದು 12 ನಿಮಿಷ. ಒಂದು ಕಾಫಿ ತಿಂಡಿಗೆ ನಿಂತರೆ ಅದೂ ಇಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ ಅತಿವೇಗದ ಲೆಕ್ಕಕ್ಕೆ ಬರೆದಿರುವುದು ಶೇ 71. ಠಾಣೆಯಲ್ಲಿ ಕಾರಣದ ಕಾಲಂ ತುಂಬುವ ರೀತಿ ನೋಡಿದರೆ ಈ ಅಂಕಿಯಲ್ಲಿ ಕೆಟ್ಟ ರಸ್ತೆ, ಕತ್ತಲು, ತಪ್ಪು ತಿರುವು ಎಲ್ಲವೂ ಸೇರಿರಬಹುದು ಎಂದು ನನ್ನ ಅಂದಾಜು. ಅರ್ಧ ಕಳೆದರೂ ಉಳಿಯುವುದು ಒಂದು ಸಣ್ಣ ಪಟ್ಟಣದಷ್ಟು ಜನ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕಲು ಶುರು ಮಾಡಿದರು. ವೇಗ ಹಿಡಿಯಲು ರಸ್ತೆಯಲ್ಲಿ ಕ್ಯಾಮೆರಾ ಹಾಕಿದ್ದು ಒಳ್ಳೆಯದೇ. ಆದರೆ ಕ್ಯಾಮೆರಾದ ನೋಟಿಸ್ ಬರುವುದು ವೇಗ ಮುಗಿದ ಮೇಲೆ. ಪೆಡಲ್ ಹೇಳುವುದು ವೇಗ ಏರುತ್ತಿರುವಾಗಲೇ.

ಪೆಡಲ್ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಸ್ವೀಡನ್ನಿನಲ್ಲಿ 1999ರಿಂದ 2002ರವರೆಗೆ ನಾಲ್ಕು ಊರುಗಳಲ್ಲಿ ಇಂಥ ವೇಗಮಿತಿ ವ್ಯವಸ್ಥೆಯ ದೊಡ್ಡ ಪ್ರಯೋಗ ನಡೆದಿತ್ತು. ಲುಂಡ್ ಊರಿನಲ್ಲಿ ಬಳಸಿದ್ದು ಕಾಲಿಗೆ ಎದುರು ಒತ್ತುವ ಪೆಡಲ್. ಸದ್ದು ಕಾರಿನಲ್ಲಿರುವ ಎಲ್ಲರ ಕಿವಿಗೂ ಬೀಳುತ್ತದೆ, ಮಾತು ಕೆಡಿಸುತ್ತದೆ, ರೇಗಿಸುತ್ತದೆ. ಪೆಡಲ್ ಗಟ್ಟಿಯಾದದ್ದು ಓಡಿಸುವವರ ಪಾದಕ್ಕೆ ಮಾತ್ರ ಗೊತ್ತು. ಹಾಗಿದ್ದೂ ಸದ್ದು ಅಗ್ಗ ಎಂದು ಅದನ್ನೇ ಹಾಕಿದ ಕಾರುಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಪರಿಣಾಮವಾಗಿ ಸ್ಟಾರ್ಟ್ ಮಾಡು, ಬೆಲ್ಟ್ ಹಾಕು, ಬೀಪ್ ಆಫ್ ಮಾಡು ಎನ್ನುವುದೇ ಅನೇಕರಿಗೆ ಅಭ್ಯಾಸವಾಗಿದೆ. ನಾವು ಆ ತಪ್ಪನ್ನು ತರಿಸಿಕೊಳ್ಳಬಾರದು.

ಇನ್ನು ತೊಂದರೆಗಳು. ಯುರೋಪಿನ ನಿಯಮವೇ ಪರೀಕ್ಷೆಯಲ್ಲಿ ದೂರದ ಶೇ 90ರಷ್ಟು ಸರಿ ಓದಿದರೆ ಸಾಕು ಎನ್ನುತ್ತದೆ. ಉಳಿದ ಹತ್ತರಲ್ಲಿ ಏನಾಗುತ್ತದೆ ಎಂದು ತಿಳಿಯಲು ನಮ್ಮ ರಸ್ತೆಯನ್ನೇ ತೆಗೆದುಕೊಳ್ಳಿ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಗೆ ಹಾಕಿದ 40ರ ಬೋರ್ಡ್ ಮುಖ್ಯ ರಸ್ತೆಯ ಕ್ಯಾಮೆರಾಕ್ಕೂ ಕಾಣುತ್ತದೆ. ಲಾರಿಯ ಹಿಂದೆ ಕೆಂಪು ವೃತ್ತದಲ್ಲಿ ಬರೆದ 60, 80ನ್ನೂ ಅದು ಬೋರ್ಡ್ ಎಂದು ಓದಬಹುದು. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಂಥ ಕಡೆ ಮೇಲಿನ ರಸ್ತೆ, ಕೆಳಗಿನ ರಸ್ತೆ ಒಂದರ ಮೇಲೊಂದು. ಜಿಪಿಎಸ್ಸಿಗೆ ಎರಡೂ ಒಂದೇ ಜಾಗ. ಕಾಮಗಾರಿ ಮುಗಿದು ತಿಂಗಳಾದರೂ ತೆಗೆಯದ 20ರ ಬೋರ್ಡ್, ಹೊಂಗೆ ಕೊಂಬೆ ಮುಚ್ಚಿದ ಬೋರ್ಡ್, ಹುಟ್ಟುಹಬ್ಬದ ಪೋಸ್ಟರ್ ಅಂಟಿಸಿದ ಬೋರ್ಡ್, ಬಣ್ಣ ಹೋಗಿ ರಾತ್ರಿ ಹೊಳೆಯದ ಬೋರ್ಡ್. ಎಲ್ಲಕ್ಕಿಂತ ದೊಡ್ಡ ಕೊರತೆ, ಮಿತಿ ಶುರುವಾಗುವ ಕಡೆ ಬೋರ್ಡ್ ಇರುತ್ತದೆ, ಮುಗಿಯುವ ಕಡೆ ಇರುವುದಿಲ್ಲ. ಊರು ದಾಟಿ ಎರಡು ಕಿಲೋಮೀಟರ್ ಆದರೂ ಕಾರು 40 ಎಂದೇ ನಂಬಿಕೊಂಡಿರುತ್ತದೆ.

80ಕ್ಕೆ ಬೀಗ ಹಾಕುವ ಗವರ್ನರನ್ನು ಖಾಸಗಿ ಕಾರಿಗೂ ಹಾಕಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದ್ವಿಪಥ ರಸ್ತೆಯಲ್ಲಿ 60ರಲ್ಲಿ ಹೋಗುವ ಲಾರಿಯನ್ನು 80ರ ಕಾರು ದಾಟಬೇಕಾದರೆ, ಹಿಂದೆ ಮುಂದೆ ಬಿಡುವ ಅಂತರ ಸೇರಿ ಸುಮಾರು 56 ಮೀಟರ್ ಹೆಚ್ಚಿಗೆ ಓಡಬೇಕು. ಅದಕ್ಕೆ 10 ಸೆಕೆಂಡ್. ಅಷ್ಟರಲ್ಲಿ ಕಾರು 220 ಮೀಟರ್ ಹೋಗಿರುತ್ತದೆ, ಎದುರಿನ ಗಾಡಿಯೂ 80ರಲ್ಲಿದ್ದರೆ ಅಷ್ಟೇ ಹತ್ತಿರ ಬಂದಿರುತ್ತದೆ. ಸುಮಾರು 450 ಮೀಟರ್ ಖಾಲಿ ರಸ್ತೆ ಕಾಣದೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬಾರದು. ಅಷ್ಟು ಕಾಣದಿದ್ದರೆ ಲಾರಿಯ ಹಿಂದೆಯೇ ಇರಬೇಕು ಎನ್ನುವುದೂ ನಿಜವೇ. ಆದರೆ ಅರ್ಧ ದಾರಿಯಲ್ಲಿ ಎದುರಿನಿಂದ ಬಸ್ ಕಂಡಾಗ ಒತ್ತಿದ ಪೆಡಲ್ ಕೇಳದಿದ್ದರೆ ಮಾಡುವುದೇನು? ಐಎಸ್‌ಎ ಹಾಗಲ್ಲ, ಪೂರ್ತಿ ಒತ್ತಿದರೆ ಬಿಟ್ಟುಕೊಡುತ್ತದೆ. ನಾಲ್ಕು ಪಥದ ರಸ್ತೆಯಲ್ಲಿ ಬೀಗದ ಇನ್ನೊಂದು ಮುಖ ನೋಡಬಹುದು. ಮುಂದೊಂದು ಹಿಂದೊಂದು ಲಾರಿ, ಎರಡೂ 80ಕ್ಕೆ ಲಾಕ್. ಟೈರ್ ಸವೆದ ಲಾರಿಯ ಚಕ್ರದ ಸುತ್ತಳತೆ ಕಡಿಮೆ, ಹಾಗಾಗಿ ಅದರ ನಿಜವೇಗ 79, 78. ಹೊಸ ಟೈರಿನದು ಅದನ್ನು ದಾಟಲು ಬಲಕ್ಕೆ ಬರುತ್ತದೆ. ಗಂಟೆಗೆ 2 ಕಿಲೋಮೀಟರ್ ವ್ಯತ್ಯಾಸದಲ್ಲಿ 60 ಮೀಟರ್ ಮುಂದಾಗಲು ಒಂದು ಮುಕ್ಕಾಲು ನಿಮಿಷಕ್ಕೂ ಹೆಚ್ಚು, ರಸ್ತೆಯಲ್ಲಿ ಎರಡೂವರೆ ಕಿಲೋಮೀಟರ್ ಹತ್ತಿರ. ಅಷ್ಟು ಹೊತ್ತು ಹಿಂದಿನವರು ಎಡದಿಂದ ನುಸುಳಲು ನೋಡುತ್ತಾರೆ. ಬೀಗಕ್ಕೆ ಜನ ಕಂಡುಕೊಂಡ ದಾರಿಯೂ ಎಲ್ಲರಿಗೂ ಗೊತ್ತು: ಗಾಡಿಯ ಫಿಟ್ನೆಸ್ ಪರೀಕ್ಷೆಯ, ಅಂದರೆ ಎಫ್‌ಸಿ ದಿನ ಜೋಡಿಸಿ, ಮಾರನೆಯ ದಿನ ಕನೆಕ್ಟರ್ ಕಿತ್ತು, ಪೆಡಲ್ ವೈರನ್ನು ನೇರ ಮಾಡಿಬಿಡುವುದು.

ಈಗಲೇ 'ಲಿಮ್' ಬಟನ್ ಇರುವ ಕಾರು ನಿಮ್ಮಲ್ಲಿದ್ದರೆ ದಯವಿಟ್ಟು ಬಳಸಿ. ಇದು ಕಾಲು ತೆಗೆದರೂ ಅದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಅಲ್ಲ, ಕಾಲು ಪೆಡಲ್ ಮೇಲೇ ಇರಬೇಕು. ಬಟನ್ ಒತ್ತಿ, ಬೇಕಾದ ವೇಗ ತಲುಪಿದಾಗ 'ಸೆಟ್' ಒತ್ತಿ, ಪ್ಲಸ್ ಮೈನಸ್‌ನಲ್ಲಿ ಹೊಂದಿಸಿಕೊಳ್ಳಿ. ಆಮೇಲೆ ಪೆಡಲನ್ನು ಇನ್ನಷ್ಟು ಒತ್ತಿದರೂ ವೇಗ ಅಲ್ಲಿಗೇ ನಿಲ್ಲುತ್ತದೆ. ತುರ್ತಿಗೆ ಪೆಡಲನ್ನು ಕೊನೆಯವರೆಗೆ ಜೋರಾಗಿ ತುಳಿದರೆ ಮಿತಿ ಬಿಡುತ್ತದೆ. ನಿಮ್ಮ ಗಾಡಿಯಲ್ಲಿ ಅದು ಹೇಗೆ ಬಿಡುತ್ತದೆ ಎನ್ನುವುದನ್ನು ಖಾಲಿ ರಸ್ತೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ, ಲಾರಿ ಪಕ್ಕದಲ್ಲಿದ್ದಾಗ ಕಲಿಯುವ ವಿಷಯ ಅಲ್ಲ. ಊರೊಳಗೆ 50, ಹೊರಗೆ 80, ಎಕ್ಸ್‌ಪ್ರೆಸ್‌ವೇಯಲ್ಲಿ 100 ಇಟ್ಟುಕೊಂಡರೆ ಮೀಟರ್ ನೋಡುವ ಕೆಲಸ ಕಡಿಮೆಯಾಗಿ ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಘಾಟಿ ಇಳಿಯುವಾಗ ಮಾತ್ರ ಇದನ್ನು ನಂಬಬೇಡಿ. ಲಿಮಿಟರ್ ಎಂಜಿನ್ನಿಗೆ ಹೋಗುವ ಇಂಧನ ತಗ್ಗಿಸುತ್ತದೆ, ಅಷ್ಟೇ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ 40ಕ್ಕೆ ಇಟ್ಟು ನಾಲ್ಕನೇ ಗೇರಿನಲ್ಲಿ ಇಳಿದರೆ ಗಾಡಿಯ ಭಾರವೇ ವೇಗ ಏರಿಸುತ್ತದೆ, ಮೀಟರಿನಲ್ಲಿ ಅಂಕಿ ಮಿನುಗುತ್ತದೆ, ಕಾರು ಹೋಗುತ್ತಲೇ ಇರುತ್ತದೆ. ಅಲ್ಲಿ ಎರಡನೇ ಗೇರ್ ಮತ್ತು ನಿಮ್ಮ ಬ್ರೇಕೇ ಲಿಮಿಟರ್.

ಬೋರ್ಡ್ ಓದುವ ಕ್ಯಾಮೆರಾ ಇರುವ ಕಾರಿನ ಮುಂದಿನ ಗಾಜು ಒಡೆದು ಹೊಸದು ಹಾಕಿಸಿದರೆ, ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದರ ನೋಟದ ದಿಕ್ಕು ಸರಿಹೊಂದಿಸುವ ಕೆಲಸ, ಮಾಡಿಸದೆ ಗಾಡಿ ತೆಗೆದುಕೊಂಡು ಬರಬೇಡಿ. ಒಂದೇ ಒಂದು ಡಿಗ್ರಿ ಓರೆಯಾದರೂ 50 ಮೀಟರ್ ದೂರದಲ್ಲಿ ಅದರ ನೋಟ ಹತ್ತಿರ ಹತ್ತಿರ ಒಂದು ಮೀಟರ್ ಸರಿದಿರುತ್ತದೆ. ಪಕ್ಕದ ಸರ್ವಿಸ್ ರಸ್ತೆಯ ಬೋರ್ಡ್ ನಿಮ್ಮದು ಅನ್ನಿಸಲು ಅಷ್ಟು ಸಾಕಾದೀತು. ಬಿಲ್ಲಿನಲ್ಲಿ ಕ್ಯಾಲಿಬ್ರೇಷನ್ ಎಂದು ಪ್ರತ್ಯೇಕ ಸಾಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ.