ಇಂಡೊನೇಷ್ಯಾದ ಹೆಂಗಸರಿಗೆ ತಿಳಿವಳಿಕೆ ಕಡಿಮೆಯಂತೆ!

ಕೆಲಸದ ನೆಪದಲ್ಲಿ ಇಂಡೊನೇಷ್ಯಾದ ಸಾರ್ವಜನಿಕ ಆರೋಗ್ಯ ಅಧ್ಯಯನಗಳನ್ನು ಓದುವುದು ನನಗೆ ಈಗ ಚಟವೇ ಆಗಿಬಿಟ್ಟಿದೆ. ಅಲ್ಲಿಯ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿಯ ಕಾಲೇಜುಗಳಿಂದ ಹೊರಬೀಳುವ ಸಣ್ಣ ಸಣ್ಣ ಅಧ್ಯಯನಗಳಿಗೆ ಲೆಕ್ಕವೇ ಇಲ್ಲ. ಮುಕ್ಕಾಲುಪಾಲಿನ ಕಥೆ ಒಂದೇ. ಒಂದಷ್ಟು ಗರ್ಭಿಣಿಯರನ್ನೋ, ಹೈಸ್ಕೂಲ್ ಹುಡುಗಿಯರನ್ನೋ, ಕಾರ್ಖಾನೆಯ ಹೆಂಗಸರನ್ನೋ ಕೂರಿಸಿ ಪ್ರಶ್ನಾವಳಿ ತುಂಬಿಸುತ್ತಾರೆ. ರಕ್ತಹೀನತೆಯ ಬಗ್ಗೆ ಒಂದು ಗಂಟೆ ಪಾಠ, ಕೈಗೊಂದು ಕರಪತ್ರ, ಮತ್ತೆ ಅದೇ ಪ್ರಶ್ನಾವಳಿ. ಅಂಕ ಏರಿರುತ್ತದೆ. ಏರದೆ ಏನು ಮಾಡೀತು, ಉತ್ತರ ಹೇಳಿಕೊಟ್ಟು ಆಗತಾನೇ ಪರೀಕ್ಷೆ ಇಟ್ಟರೆ! 'ಆರೋಗ್ಯ ಶಿಕ್ಷಣ ಪರಿಣಾಮಕಾರಿ' ಎಂದು ಷರಾ ಬರೆದು ಫೈಲು ಮುಚ್ಚುತ್ತಾರೆ.

ಇವರನ್ನು ಗೇಲಿ ಮಾಡಲು ಕೂತಿಲ್ಲ, ನಮ್ಮ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳ ಹಣೆಬರಹವೂ ಇದೇ. ನನ್ನ ತಕರಾರು ಇಷ್ಟೇ: ಈ ಹೆಂಗಸರಿಗೆ ಕೊರತೆ ಇರುವುದು ತಿಳಿವಳಿಕೆಗಲ್ಲ. ಬಿಡುವಿಗೆ, ಕಾಸಿಗೆ, ಇನ್ನೊಬ್ಬರ ಒಪ್ಪಿಗೆಗೆ. ಹೀಗೆಂದು ಇಂಡೊನೇಷ್ಯಾದ ಒಳ್ಳೆಯ ಅಧ್ಯಯನಗಳೇ ದಶಕಗಳಿಂದ ಹೇಳುತ್ತಿವೆ.

ಕಬ್ಬಿಣದ ಮಾತ್ರೆಯನ್ನೇ ನೋಡಿ. ಅಲ್ಲಿ ಹೈಸ್ಕೂಲ್ ಹುಡುಗಿಯರಿಗೆ ವಾರಕ್ಕೊಂದು ಮಾತ್ರೆ ಕೊಡುವ ಯೋಜನೆ ಇದೆ, ನಮ್ಮ ಶಾಲೆಗಳಲ್ಲಿ ಕೊಡುವ ನೀಲಿ ಮಾತ್ರೆಯ ಹಾಗೆಯೇ. 2018ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಶೇ. 76ರಷ್ಟು ಹುಡುಗಿಯರಿಗೆ ಮಾತ್ರೆ ಸಿಕ್ಕಿತ್ತು. ಶಾಲೆಯಲ್ಲಿ ಪಡೆದವರ ಪೈಕಿ ವರ್ಷದ 52 ಮಾತ್ರೆಯನ್ನೂ ನುಂಗಿದವರು ಶೇ. 1.4 ಮಾತ್ರ. ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರ ರಕ್ತಹೀನತೆ ಶೇ. 48.9. ಹದಿನೈದರಲ್ಲಿ ಮಾತ್ರೆಯನ್ನು ಬ್ಯಾಗಿನ ತಳಕ್ಕೆ ಹಾಕಿದ ಹುಡುಗಿಯೇ ಹತ್ತೊಂಬತ್ತಕ್ಕೆ ಜಾವಾದ ಯಾವುದೋ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಾಳೆ, ಇಪ್ಪತ್ತೊಂದಕ್ಕೆ ಬಸುರಿಯಾಗುತ್ತಾಳೆ. ಸರ್ಕಾರದ ಕಡತಗಳಲ್ಲಿ ಮಾತ್ರ ಇವಳು ಮೂವರು. ಶಾಲೆಯ ಲೆಕ್ಕದಲ್ಲೊಬ್ಬಳು, ಕಾರ್ಮಿಕ ಇಲಾಖೆಯ ಲೆಕ್ಕದಲ್ಲೊಬ್ಬಳು, ತಾಯಿ ಕಾರ್ಡಿನಲ್ಲೊಬ್ಬಳು. ಮೈಯಲ್ಲಿರುವ ರಕ್ತ ಒಂದೇ ಕಣ್ರೀ.

ಇನ್ನು ನನಗೆ ಬಹಳ ಇಷ್ಟವಾದ, ಯಾರಾದರೂ ಸಿಕ್ಕಿದರೆ ಹಿಡಿದು ಕೂರಿಸಿ ಹೇಳುವ ಒಂದು ಹಳೆಯ ಅಧ್ಯಯನ. 1979ರಲ್ಲಿ ಪ್ರಕಟವಾದದ್ದು, ಪಶ್ಚಿಮ ಜಾವಾದ ರಬ್ಬರ್ ತೋಟದ ಗಂಡಾಳುಗಳ ಮೇಲೆ. ಬಾಸ್ತಾ, ಸುಕಿರ್ಮಾನ್, ಕಾರ್ಯಾದಿ, ಸ್ಕ್ರಿಮ್‌ಶಾ ಎಂಬ ನಾಲ್ವರು ಮಾಡಿದ್ದು. ಆ ಆಳುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ರಬ್ಬರ್ ಹಾಲು ಇಳಿಸುವವರ ಕೂಲಿ ಇಳಿಸಿದ ಹಾಲಿನ ತೂಕಕ್ಕೆ ತಕ್ಕಂತೆ, ಹಾಗಾಗಿ ರಕ್ತ ಕಡಿಮೆ ಇದ್ದವನಿಗೆ ಸಂಬಳವೂ ಕಡಿಮೆ. 60 ದಿನ ಕಬ್ಬಿಣದ ಮಾತ್ರೆ ಕೊಟ್ಟರು. ರಕ್ತ ಏರಿತು, ಇಳಿಸಿದ ಹಾಲೂ ಏರಿತು. ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲಿ ಬರುತ್ತದೆ. ನನಗೆ ಬೇಕಾದ್ದು ಇದರ ಮುಂದಿನದು. ಹೋಲಿಕೆಗೆಂದು ಖಾಲಿ ಮಾತ್ರೆ ನುಂಗಿಸಿದ್ದ ಗುಂಪು ಕೂಡ ಸುಧಾರಿಸಿತು! ಹೇಗೆ ಅಂದರೆ, ಅಧ್ಯಯನಕ್ಕೆ ತಪ್ಪದೆ ಬರಲೆಂದು ದಿನಕ್ಕಿಷ್ಟು ಎಂದು ಚಿಲ್ಲರೆ ಕಾಸು ಕೊಡುತ್ತಿದ್ದರು. ಆ ಕಾಸಿನಲ್ಲಿ ಅವರು ಸೊಪ್ಪುಸದೆ ಕೊಂಡು ತಿಂದಿದ್ದರು.

ಕರಪತ್ರ ಕೊಟ್ಟಿರಲಿಲ್ಲ. ಸೊಪ್ಪಿನಲ್ಲಿ ಕಬ್ಬಿಣ ಇದೆ ಎಂದು ಯಾರೂ ಪಾಠ ಮಾಡಿರಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿತು, ಅಷ್ಟೆ.

ಇನ್ನೊಂದು ಲೊಂಬೊಕ್ ದ್ವೀಪದ್ದು, ಬಾಲಿಯ ಪಕ್ಕದ್ದು. 2001ರಿಂದ 2004ರವರೆಗೆ 31 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಕಬ್ಬಿಣ-ಫೋಲಿಕ್ ಮಾತ್ರೆ, ಇನ್ನೊಂದಕ್ಕೆ ಹಲವು ಪೋಷಕಾಂಶ ಸೇರಿಸಿದ ಮಾತ್ರೆ ಕೊಟ್ಟರು. ಎರಡನೆಯ ಗುಂಪಿನಲ್ಲಿ ಎಳೆಗೂಸುಗಳ ಸಾವು ಶೇ. 18ರಷ್ಟು ಕಡಿಮೆಯಾಯಿತು. ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಆ ಮಕ್ಕಳಿಗೆ 9ರಿಂದ 12 ವರ್ಷ ಆದಾಗ ಮತ್ತೆ ಹೋಗಿ ಬುದ್ಧಿಶಕ್ತಿ ಅಳೆದರು. ಮಾತ್ರೆಯ ಪ್ರಯೋಜನ ಆಗಲೂ ಒಂದಿಷ್ಟು ಕಂಡಿತು. ಅದಕ್ಕಿಂತ ಗಟ್ಟಿಯಾಗಿ ಕಂಡದ್ದು ಮನೆಯ ವಾತಾವರಣ, ಅಪ್ಪಅಮ್ಮನ ಓದು, ಮನೆಯ ಸ್ಥಿತಿಗತಿ, ಮತ್ತು ತಾಯಿಗೆ ಖಿನ್ನತೆ ಇದೆಯೋ ಇಲ್ಲವೋ ಎಂಬುದು. ಅವಧಿಗೆ ಮುನ್ನ ಹುಟ್ಟಿದ್ದು, ಕುಳ್ಳಾಗಿ ಬೆಳೆದದ್ದು, ರಕ್ತಹೀನತೆ, ಎಲ್ಲಕ್ಕಿಂತ ಇವೇ ಮೇಲು. ತಾಯಿಯ ಮನಸ್ಸು ಮಗುವಿನ ತಲೆಗೆ ತಾಗುತ್ತದೆ ಎನ್ನಲು ನಮ್ಮ ಅಜ್ಜಿಯರಿಗೆ ಸಮೀಕ್ಷೆ ಬೇಕಿರಲಿಲ್ಲ ಅನ್ನುತ್ತೀರೇನೋ. ಬೇಕಿರಲಿಲ್ಲ ನಿಜ. ಆದರೆ ಬಜೆಟ್ ಬರೆಯುವವರಿಗೆ ಬೇಕು.

ಹರೆಯದವರ ವಿಷಯಕ್ಕೆ ಬಂದರೆ 2022ರಲ್ಲಿ ಬಂದ ರಾಷ್ಟ್ರೀಯ ಹದಿಹರೆಯದವರ ಮಾನಸಿಕ ಆರೋಗ್ಯ ಸಮೀಕ್ಷೆ ಇದೆ. ಯೋಗ್ಯಕರ್ತಾದ ಗಜಮದ ವಿಶ್ವವಿದ್ಯಾಲಯ ಮುಂದಾಳತ್ವ ವಹಿಸಿದ್ದು. 10ರಿಂದ 17ರ ವಯಸ್ಸಿನವರಲ್ಲಿ ಮೂವರಿಗೊಬ್ಬರು ಒಂದಲ್ಲ ಒಂದು ಮಾನಸಿಕ ತೊಂದರೆ ಅನುಭವಿಸಿದ್ದಾರೆ, ಅಂದರೆ ಒಂದೂವರೆ ಕೋಟಿ ಮಕ್ಕಳು. ಸಮೀಕ್ಷೆಯಲ್ಲಿದ್ದ ಮಕ್ಕಳನ್ನು ನೋಡಿಕೊಳ್ಳುವ ಹಿರಿಯರನ್ನು ಕೇಳಿದರೆ, ನಮ್ಮ ಮಗುವಿಗೆ ಸಹಾಯ ಬೇಕು ಎಂದವರು ಶೇ. 4.3 ಮಾತ್ರ. ಈಗ ಹೇಳಿ, 'ಮಾನಸಿಕ ಆರೋಗ್ಯ ಜಾಗೃತಿ' ಎಂದು ಒಂಬತ್ತನೇ ತರಗತಿಯ ಹುಡುಗಿಗೆ ಪೋಸ್ಟರ್ ಬರೆಸಿದರೆ ಯಾರಿಗೆ ಏನು ಬಂತು? ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಬೇಕಾದವರು ಟಿವಿ ಮುಂದೆ ಕೂತಿದ್ದಾರೆ.

ಮದುವೆಯದ್ದೂ ಹಾಗೆಯೇ. ಹುಡುಗಿಯ ಮದುವೆಯ ಕನಿಷ್ಠ ವಯಸ್ಸನ್ನು 2019ರಲ್ಲಿ 16ರಿಂದ 19ಕ್ಕೆ ಏರಿಸಿದರು. ಸಂತೋಷ. ಆದರೆ ಕೋರ್ಟಿನಿಂದ ವಿನಾಯಿತಿ ತರುವ ದಾರಿ ತೆರೆದೇ ಇತ್ತು. ಮರುವರ್ಷ ವಿನಾಯಿತಿಗಳ ಸಂಖ್ಯೆ 23 ಸಾವಿರದಿಂದ 64 ಸಾವಿರಕ್ಕೆ ಜಿಗಿಯಿತು. ಅರ್ಜಿ ಹಾಕುವವರು ಹುಡುಗಿಯರಲ್ಲ, ಅಪ್ಪಅಮ್ಮಂದಿರು.

ಸರಿಯಾಗಿ ಯೋಚಿಸಿದವರೂ ಅಲ್ಲೇ ಇದ್ದಾರೆ, ಹೇಳದಿದ್ದರೆ ಪಾಪ ಬರುತ್ತದೆ. ಬಸುರಿ ಇರುವ ಮನೆಗೆ ಅಂಟಿಸುವ ಒಂದು ಸ್ಟಿಕ್ಕರ್ ಇದೆ, 2007ರಿಂದ ನಡೆದುಬಂದದ್ದು. ಹೆಸರು, ಹೆರಿಗೆಯ ಅಂದಾಜು ದಿನ, ಹೆರಿಗೆ ಮಾಡಿಸುವವರು ಯಾರು, ಎಲ್ಲಿ, ಜೊತೆಗೆ ಯಾರು, ಗಾಡಿ ಯಾರದ್ದು, ರಕ್ತ ಕೊಡುವವರು ಯಾರು, ಎಲ್ಲ ಅದರ ಮೇಲೆ. ನಡುರಾತ್ರಿ ರಕ್ತಸ್ರಾವ ಶುರುವಾದರೆ ಅವಳ ತಿಳಿವಳಿಕೆಯಿಂದ ಏನೂ ಆಗುವುದಿಲ್ಲ, ಎದುರುಮನೆಯವನ ಪಿಕಪ್‌ನಿಂದ ಆಗುತ್ತದೆ ಎಂಬುದು ಆ ಸ್ಟಿಕ್ಕರ್ ಮಾಡಿದವರಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಊರಲ್ಲೇ ಮಕ್ಕಳ ತೂಕ ನೋಡುವ, ಗರ್ಭಿಣಿಯರನ್ನು ವಿಚಾರಿಸುವ 'ಪೋಸ್ಯಾಂಡು' ಎಂಬ ಕೇಂದ್ರಗಳು ಎಂಬತ್ತರ ದಶಕದಿಂದ ನಡೆಯುತ್ತಿವೆ. ನಡೆಸುವವರು ಊರಿನ ಹೆಂಗಸರೇ, ಸ್ವಯಂಸೇವಕಿಯರು. ಸ್ವಯಂಸೇವಕಿ ಅಂದರೆ ಸಂಬಳ ಇಲ್ಲದವಳು ಎಂದು ಫ್ರೀಡಂ ಪಾರ್ಕಿನ ಚಳಿಯಲ್ಲಿ ಕೂತ ನಮ್ಮ ಆಶಾ ಅಕ್ಕಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಾರ್ಖಾನೆಗೆ ಬರೋಣ, ನಮಗೆ ತಟ್ಟುವುದು ಇದೇ. ಮುಟ್ಟಿನ ಮೊದಲೆರಡು ದಿನ ಹೆಣ್ಣಾಳನ್ನು ಕೆಲಸಕ್ಕೆ ಒತ್ತಾಯಿಸುವಂತಿಲ್ಲ ಎಂದು ಇಂಡೊನೇಷ್ಯಾ 1948ರಲ್ಲೇ ಕಾನೂನು ಬರೆಯಿತು. ಸ್ವಾತಂತ್ರ್ಯದ ಯುದ್ಧ ಇನ್ನೂ ನಡೆಯುತ್ತಿದ್ದ ಕಾಲ ಅದು! 2003ರ ಕಾರ್ಮಿಕ ಕಾನೂನಿನಲ್ಲಿ ಆ ಸಾಲನ್ನು ತಿದ್ದಿದರು. ನೋವಿದ್ದು, ಅದನ್ನು ಮಾಲೀಕರಿಗೆ ತಿಳಿಸಿದರೆ ಆ ಎರಡು ದಿನ ಬರಬೇಕಾಗಿಲ್ಲ, ಉಳಿದ ವಿವರ ಕಂಪನಿಯ ನಿಯಮದಂತೆ. ಎಲ್ಲ ಕೆಟ್ಟದ್ದು ಈ 'ತಿಳಿಸಿದರೆ' ಎಂಬಲ್ಲಿ. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್ ಇರುವ ಲೈನಿನಲ್ಲಿ ಒಬ್ಬಳು ಎದ್ದು ಹೋಗಿ ಸೂಪರ್‌ವೈಸರ್‌ಗೆ ಮುಟ್ಟಿನ ನೋವು ವಿವರಿಸಬೇಕು. ನಂಬದಿದ್ದರೆ ಡಾಕ್ಟರ ಚೀಟಿ ತರಬೇಕು. ರಜೆ ಸಿಕ್ಕರೂ ಆ ತಿಂಗಳ ಹಾಜರಾತಿ ಬೋನಸ್ ಹೋದರೆ ಅದನ್ನು ವೇತನಸಹಿತ ರಜೆ ಅನ್ನುವುದು ಹೇಗೆ? 2024ರ ತಾಯಿ-ಮಗು ಕಾನೂನು ಹೆರಿಗೆ ರಜೆಯನ್ನು ಆರು ತಿಂಗಳಿಗೆ ಏರಿಸಿತು ಎಂದು ಪತ್ರಿಕೆಗಳು ಕುಣಿದಾಡಿದವು. ಒಳಗೆ ನೋಡಿದರೆ ಮೂರು ತಿಂಗಳು ಖಾತ್ರಿ, ಉಳಿದ ಮೂರು ವಿಶೇಷ ಸ್ಥಿತಿಯಿದ್ದು ಡಾಕ್ಟರು ಬರೆದುಕೊಟ್ಟರೆ. ಗಂಡನಿಗೆ ಎರಡು ದಿನ, ಮಾಲೀಕರು ಒಪ್ಪಿದರೆ ಇನ್ನೂ ಮೂರು. ಅಲ್ಪಾವಧಿ ಗುತ್ತಿಗೆಯ ಹುಡುಗಿಗೆ ಇದ್ಯಾವುದೂ ದಕ್ಕದು, ಗುತ್ತಿಗೆ ನವೀಕರಿಸದಿದ್ದರೆ ಮುಗಿಯಿತು.

2025ರ ಅಕ್ಟೋಬರ್‌ನಲ್ಲಿ ನಮ್ಮ ಕರ್ನಾಟಕದ ಸಚಿವ ಸಂಪುಟವೂ ವರ್ಷಕ್ಕೆ 12 ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್‌ಗೂ ಅನ್ವಯ. ನಾನು ಇದರ ಪರ, ತಕರಾರಿಲ್ಲದೆ ಪರ. ಆದರೆ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುವ ಹೆಂಗಸೊಬ್ಬರನ್ನು ಈ ರಜೆಯ ಬಗ್ಗೆ ಗೊತ್ತೇನಮ್ಮಾ ಎಂದು ಕೇಳಿದಾಗ ಅವರು ನನ್ನನ್ನು ಒಂದು ಥರಾ ನೋಡಿದರು. "ಗೊತ್ತಿಲ್ದೆ ಏನ್ ಮೇಡಂ, ಟಿವೀಲೇ ಬಂತಲ್ಲ. ಕೇಳೋಕೆ ಆವಯ್ಯನ ಹತ್ರ ಯಾರ್ ಹೋಗ್ತಾರೆ?"

ಇನ್ನು ಒಂದೆರಡು ವರ್ಷದಲ್ಲಿ ಇಲ್ಲಿಯೂ ಅಧ್ಯಯನಗಳು ಶುರುವಾಗುತ್ತವೆ. 'ಮುಟ್ಟಿನ ರಜೆಯ ಕುರಿತು ಗಾರ್ಮೆಂಟ್ಸ್ ಮಹಿಳೆಯರ ಅರಿವಿನ ಮಟ್ಟ' ಎಂಬ ಶೀರ್ಷಿಕೆ ಈಗಲೇ ಕಣ್ಣಿಗೆ ಕಟ್ಟುತ್ತಿದೆ. ದಯವಿಟ್ಟು ಅದೊಂದು ಮಾಡಬೇಡಿ. ಪ್ರಶ್ನಾವಳಿಯನ್ನು ಸೂಪರ್‌ವೈಸರ್‌ಗೆ, ಎಚ್.ಆರ್.ಗೆ ಕೊಡಿ. ಪೀಣ್ಯ, ಬೊಮ್ಮಸಂದ್ರ, ದೊಡ್ಡಬಳ್ಳಾಪುರಗಳಲ್ಲಿ ರಜೆ ಹಾಕಿದ ತಿಂಗಳ ಸಂಬಳದ ಚೀಟಿಯನ್ನೂ ಹಾಕದ ತಿಂಗಳದ್ದನ್ನೂ ಪಕ್ಕಪಕ್ಕ ಇಟ್ಟು ಬೋನಸ್ ಕಾಲಂ ನೋಡಿ. ಎಷ್ಟು ಜನ ರಜೆ ಕೇಳಿದರು, ಎಷ್ಟು ಜನಕ್ಕೆ ಸಿಕ್ಕಿತು, ಕೇಳಿದವರಲ್ಲಿ ಆರು ತಿಂಗಳ ಮೇಲೂ ಕೆಲಸದಲ್ಲಿ ಉಳಿದವರೆಷ್ಟು ಎಂದು ಎಣಿಸಿ. ಹೀಗೆ ಮಾಡುವ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಪ್ರಶ್ನೆ ತಯಾರಿಸಲು ನಾನೂ ಜೊತೆಗೆ ಕೂರುತ್ತೇನೆ.