ಹಾಕೋದನ್ನ ಎಲ್ಲರೂ ಹೇಳಿಕೊಡ್ತಾರೆ, ತೆಗೆಯೋದನ್ನ?

ಲಿನಕ್ಸ್ ಕಲೀತಿರೋ ನಮ್ಮ ಕಡೆ ಹುಡುಗರಿಗೆ ನಾನು ಹೇಳೋದು ಒಂದೇ ಮಾತು. ಟರ್ಮಿನಲ್‌ನಲ್ಲಿ, ಅಂದ್ರೆ ಕಮಾಂಡ್ ಹೊಡೆಯೋ ಕಿಟಕಿಯಲ್ಲಿ, ಏನಾದ್ರೂ ಸಾಫ್ಟ್‌ವೇರ್ ಹಾಕೋ ಮುಂಚೆ ಅದನ್ನ ತೆಗೆಯೋದು ಹೇಗೆ ಅಂತ ನೋಡ್ಕೊಳ್ಳಿ. ಗೊತ್ತಾಗ್ಲಿಲ್ವಾ, ಹಾಕ್ಬೇಡಿ. ಇದು ಅತಿಯಾಯ್ತು ಅಂತ ನಗೋರಿದಾರೆ. ನಗ್ಲಿ.

ಉಬುಂಟು, ಡೆಬಿಯನ್ ಥರದ ಲಿನಕ್ಸ್‌ಗಳಲ್ಲಿ ಪ್ಯಾಕೇಜು, ಅಂದ್ರೆ ಸಾಫ್ಟ್‌ವೇರ್ ಕಟ್ಟು, ಹಾಕೋಕೂ ತೆಗೆಯೋಕೂ ಇರೋ ಕಮಾಂಡು ಆಪ್ಟ್; ಅದರ ಹಿಂದೆ ಸುಡೊ ಸೇರಿಸಿದ್ರೆ ಅಡ್ಮಿನ್ ಅಧಿಕಾರದಲ್ಲಿ ಓಡುತ್ತೆ. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಹೇಳಿಕೊಡೋ ವಿಡಿಯೋಗಳಿಗೆ ಬರ ಇಲ್ಲ. ‘ರಿಮೂವ್’ಗೂ ‘ಪರ್ಜ್’ಗೂ ಏನು ವ್ಯತ್ಯಾಸ ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ರಿಮೂವ್ ಮಾಡಿದ್ರೆ ಪ್ರೋಗ್ರಾಂ ಹೋಗುತ್ತೆ, ಇಟಿಸಿ ಫೋಲ್ಡರಿನಲ್ಲಿರೋ ಅದರ ಸೆಟ್ಟಿಂಗ್ ಫೈಲು ಉಳಿಯುತ್ತೆ. ಪರ್ಜ್ ಮಾಡಿದ್ರೆ ಅದೂ ಹೋಗುತ್ತೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗೋ, ನಿಮ್ಮ ಸ್ವಂತ ಸೆಟ್ಟಿಂಗ್ ಇರೋ ಫೈಲುಗಳನ್ನ ಮಾತ್ರ ಎರಡೂ ಮುಟ್ಟಲ್ಲ. ‘ತೆಗೆದು ಮತ್ತೆ ಹಾಕಿದೆ, ಆದ್ರೂ ಅದೇ ತಕರಾರು’ ಅಂತ ಫೋನ್ ಮಾಡೋರಿಗೆ ಇಷ್ಟು ಗೊತ್ತಿದ್ರೆ ನನಗೂ ಊಟಕ್ಕೆ ಟೈಮ್ ಸಿಗ್ತಿತ್ತು.

ಹೊಸನಗರದಲ್ಲಿ ನಮ್ಮ ಪಕ್ಕದ ಮನೆ ಹುಡುಗ ಇದಾನೆ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಾನೆ. ರಜೆಗೆ ಬಂದವನು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. ಉಬುಂಟು ಜೊತೆ ಬಂದಿರೋ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಹಳೇದಂತೆ, ಅದನ್ನ ಕಿತ್ತು ಹೊಸದು ಹಾಕ್ಬೇಕಂತೆ. ‘ಆಪ್ಟ್ ರಿಮೂವ್ ಪೈಥಾನ್3’ ಆಗ್ಲೇ ಹೊಡೆದಾಗಿತ್ತು. ಪರದೆ ತುಂಬ, ತೆಗೆಯೋ ಪ್ಯಾಕೇಜುಗಳ ಪಟ್ಟಿ. ಕೊನೇಲಿ ಕಂಸದೊಳಗೆ ದೊಡ್ಡ ವೈ, ಚಿಕ್ಕ ಎನ್. ವೈ ದೊಡ್ಡದಾಗಿದ್ರೆ ಸುಮ್ನೆ ಎಂಟರ್ ಒತ್ತಿದ್ರೂ ಒಪ್ಪಿದ ಹಾಗೇ ಲೆಕ್ಕ. ಬೆರಳು ಅಲ್ಲೇ ಇತ್ತು.

“ಓದಿದ್ಯಾ ಮಾರಾಯಾ ಇದನ್ನ?”

“ಯಾರು ಓದ್ತಾರಣ್ಣ ಅಷ್ಟುದ್ದ!”

ಗಟ್ಟಿಯಾಗಿ ಓದು ಅಂದೆ. ಉಬುಂಟು ಮಿನಿಮಲ್, ಸಾಫ್ಟ್‌ವೇರ್ ಪ್ರಾಪರ್ಟೀಸ್... ಉಬುಂಟು ಡೆಸ್ಕ್‌ಟಾಪ್ ಅನ್ನೋ ಹೆಸರು ಬರೋ ಹೊತ್ತಿಗೆ ದನಿ ಇಳಿದಿತ್ತು. ತಾನೇ ಎನ್ ಒತ್ತಿದ.

ಆ ಪೈಥಾನ್ ನಮಗಾಗಿ ಇಟ್ಟಿದ್ದಲ್ಲ, ಸಿಸ್ಟಂ ತನ್ನ ಕೆಲಸಕ್ಕೆ ಇಟ್ಕೊಂಡಿದ್ದು. ನಮಗೆ ಬೇಕಾದ ಲೈಬ್ರರಿಗಳಿಗೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದ್ರೆ ಸಿಸ್ಟಂನಿಂದ ಬೇರೆಯಾದ ಫೋಲ್ಡರ್, ಮಾಡ್ಕೊಂಡು ಅದರೊಳಗೆ ಪೈಥಾನ್ ಲೈಬ್ರರಿ ಹಾಕೋ ಪಿಪ್ ಕಮಾಂಡು ಓಡಿಸ್ಬೇಕು. ಸಾಕಾಯ್ತಾ, ಆ ಫೋಲ್ಡರ್ ಅಳಿಸಿದ್ರೆ ಮುಗೀತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಈಚೆಗೆ, ಇದರ ಹೊರಗೆ ಪಿಪ್ ಹೊಡೆದ್ರೆ ತಡೆದು ನಿಲ್ಲಿಸುತ್ತೆ. ಆ ತಡೆ ದಾಟೋ ಆಯ್ಕೆ ಹುಡುಕಿ ಹಾಕೋ ಶೂರರೂ ಇದಾರೆ, ಅವರ ವಿಷಯ ಬಿಡಿ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಯಾವುದೋ ವೆಬ್‌ಸೈಟಿನ ಸ್ಕ್ರಿಪ್ಟನ್ನ, ಅಂದ್ರೆ ಕಮಾಂಡುಗಳ ಪಟ್ಟಿಯನ್ನ, ನೆಟ್‌ನಿಂದ ಇಳಿಸೋ ಕರ್ಲ್‌ನಿಂದ ಇಳಿಸಿ, ಓದದೇ, ನೇರವಾಗಿ ಅದನ್ನ ಅಡ್ಮಿನ್ ಅಧಿಕಾರದಲ್ಲಿ ಓಡಿಸೋ ಸುಡೊ ಬ್ಯಾಶ್‌ಗೆ ಸುರಿಯೋ ಚಟ ನೋಡಿ. ಆಪ್ಟ್ ಹಾಕಿದ್ದಕ್ಕೆಲ್ಲ ಸೊಸೈಟಿ ಲೆಡ್ಜರಿನ ಹಾಗೆ ಲೆಕ್ಕ ಇರುತ್ತೆ. ಯಾವ ಪ್ಯಾಕೇಜು ಯಾವ ಫೈಲನ್ನ ಎಲ್ಲಿಟ್ಟಿದೆ ಅಂತ, ಆಪ್ಟ್ ಕೆಳಗೆ ಕೂತು ಪ್ಯಾಕೇಜು ಕೂರಿಸೋ ಡಿಪಿಕೆಜಿ ಹೇಳುತ್ತೆ. ಸ್ಕ್ರಿಪ್ಟು ಎಲ್ಲೆಲ್ಲಿ ಏನೇನು ಚೆಲ್ಲಿ ಹೋಯ್ತು ಅಂತ ಯಾರನ್ನ ಕೇಳ್ತೀರಿ?

ಮಳೆಗಾಲದ ಮಲೆನಾಡಿಗೇ ಹೇಳಬೇಕಾದ್ದೊಂದಿದೆ. ಆಪ್ಟ್ ಮೊದಲು ಎಲ್ಲ ಪ್ಯಾಕೇಜನ್ನೂ ಇಳಿಸ್ಕೊಂಡು ಆಮೇಲೆ ಬಿಚ್ಚಿ ಕೂರಿಸುತ್ತೆ. ಇಳಿಸೋವಾಗ ನೆಟ್ ಹೋದ್ರೆ ಹೆದರಬೇಕಿಲ್ಲ, ಅದೇ ಕಮಾಂಡ್ ಮತ್ತೆ ಹೊಡೀರಿ. ಕೂರಿಸೋವಾಗ ಕರೆಂಟು ಹೋಗಿ, ಬ್ಯಾಟರಿನೂ ಸತ್ತರೆ ಅರ್ಧಂಬರ್ಧ ನಿಲ್ಲುತ್ತೆ. ಆಗ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ. ಅದಕ್ಕೇ ಜುಲೈನಲ್ಲಿ ನಾನು ನೆಟ್ ಇದ್ದಾಗ ‘--ಡೌನ್‌ಲೋಡ್-ಓನ್ಲಿ’ ಅಂತ ಸೇರಿಸಿ ಇಳಿಸಿಟ್ಟು, ಕರೆಂಟು ನಿಂತು ಬರೋ ಹೊತ್ತು ನೋಡಿ ಹಾಕ್ತೀನಿ.

ಇನ್ನು ‘ಆಟೋರಿಮೂವ್’, ಬೇರೆ ಪ್ಯಾಕೇಜಿನ ಜೊತೆ ತಾನಾಗೇ ಬಂದು ಈಗ ಯಾವುದಕ್ಕೂ ಬೇಡವಾದ್ದನ್ನ ತೆಗೆಯೋ ಕಮಾಂಡು. ಒಳ್ಳೇದೇ, ಆದ್ರೆ ಅದರ ಪಟ್ಟಿನೂ ಓದಿ. ಕನ್ನಡ ಫಾಂಟುಗಳ ಪ್ಯಾಕೇಜು ‘ಫಾಂಟ್ಸ್-ಕೆಎನ್‌ಡಿಎ’ ಹಾಕಿದ್ರೆ ಗುಬ್ಬಿ, ನವಿಲು ಫಾಂಟುಗಳು ಅದರ ಬೆನ್ನಿಗೇ ಬರ್ತವೆ. ಮುಂದೆ ಯಾವಾಗ್ಲೋ ಅದನ್ನ ತೆಗೆದ್ರಿ ಅಂತಿಟ್ಕೊಳ್ಳಿ, ಬೇರೆ ಯಾವುದಕ್ಕೂ ಬೇಡದಿದ್ರೆ ಗುಬ್ಬಿ, ನವಿಲೂ ಆಟೋರಿಮೂವ್ ಪಟ್ಟಿಗೆ ಬೀಳ್ತವೆ. ಉಳಿಸ್ಕೋಬೇಕಾದ್ರೆ ಮೊದಲೇ ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಅಂತ ಹೊಡೆದು ಮುಂದೆ ಅವುಗಳ ಪ್ಯಾಕೇಜ್ ಹೆಸರು ಕೊಡಿ.