'ಸಿ' ಅಂತ ಬರೆದು ಹೋದರು, ಮನೆ ಆಮೇಲೆ ಬಿತ್ತು

ನಮ್ಮ ಮನೆ ನೀರು ಬಂದ ದಿನ ಬೀಳಲಿಲ್ಲ. ನೀರು ಇಳಿದ ದಿನವೂ ಬೀಳಲಿಲ್ಲ. ಇಳಿದು ತಿಂಗಳು ದಾಟಿದ ಮೇಲೆ, ಚೆನ್ನಾಗಿ ಬಿಸಿಲು ಬಿದ್ದ ಒಂದು ಮಧ್ಯಾಹ್ನ ಹಿಂದಿನ ಗೋಡೆ ಕುಸಿಯಿತು. ಅಷ್ಟೊತ್ತಿಗೆ ನೆರೆಹಾನಿಯ ಸರ್ವೆ ಮುಗಿದು, ಪಟ್ಟಿ ಕಂಪ್ಯೂಟರಿಗೆ ಏರಿ, ಅಪ್ಪನ ಹೆಸರಿನ ಮುಂದೆ 'ಸಿ' ಅಂತ, ಅಂದರೆ ಸ್ವಲ್ಪವೇ ಹಾನಿ ಅಂತ, ಬಿದ್ದಾಗಿತ್ತು. ಆ ಒಂದು ಅಕ್ಷರದ ಜೊತೆ ಆರು ವರ್ಷದ ಮೇಲಾಯ್ತು, ಗುದ್ದಾಡುತ್ತಲೇ ಇದ್ದೇವೆ. ಕಳೆದ ವಾರ ಕಾಕಾನ ಜೊತೆ ಕಚೇರಿಗೆ ಹೋಗಿ ಅಲ್ಲಿ ಹೇಳಿದ ಮಾತು ಕೇಳಿಕೊಂಡು ಬಂದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಮಲಪ್ರಭೆ ದಂಡೆಯಲ್ಲಿದೆ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ಹೊಳೆ ಅದು. 2019ರ ಆಗಸ್ಟಿನಲ್ಲಿ ಮೇಲೆ ಮಳೆ ಸುರಿದು, ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದೇ ಹೊಳೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿತು. ನಮ್ಮೂರ ಕೆಳಗಿನ ಓಣಿ ಪೂರ್ತಿ ಮುಳುಗಿತು. ಅಪ್ಪ ಎಮ್ಮೆ ಬಿಚ್ಚಿಕೊಂಡು, ಅವ್ವ ಕಾಗದಪತ್ರದ ಚೀಲ ಹಿಡಿದುಕೊಂಡು ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಹೋದರು. ಮನೆಯೊಳಗೆ ಎದೆಮಟ್ಟ ನೀರು ನಾಲ್ಕು ದಿನ ನಿಂತಿತ್ತು.

ಮಣ್ಣಿನ ಮನೆಯಲ್ಲಿ ನಾಲ್ಕು ದಿನ ನೀರು ನಿಂತರೆ ಏನಾಗುತ್ತದೆ? ನಮ್ಮ ಕಡೆ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಎರಡಡಿ ದಪ್ಪದ ಗೋಡೆ ನೀರು ಕುಡಿಯುತ್ತದೆ. ಹೊರಗಿನಿಂದ ಗಟ್ಟಿ ಕಾಣುತ್ತದೆ, ಒಳಗೆ ಬುರುಬುರು ಆಗಿರುತ್ತದೆ. ಮೇಲ್ಮುದ್ದಿ, ಅಂದರೆ ಮಾಳಿಗೆಯ ಮೇಲೆ ಹಾಕಿದ ಮಣ್ಣು, ಮಳೆಯಲ್ಲಿ ನೆನೆದು ತೂಕ ಹೆಚ್ಚಾಗಿರುತ್ತದೆ. ಆ ತೂಕವೆಲ್ಲ ಜಂತಿಗಳ ಮೇಲೆ, ಜಂತಿಯಿಂದ ನೆನೆದ ಗೋಡೆಯ ಮೇಲೆ. ಕೆಳಗೆ ಇರುವುದು ಎರೆ ಮಣ್ಣು. ಎರೆ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದಲ್ಲ, ಅದೇ ಮಣ್ಣು ಮನೆಯ ಬುನಾದಿಯ ಕೆಳಗೂ ಇದೆ. ಹೀಗಾಗಿ ಎಷ್ಟೋ ಸಲ ಮನೆ ನೀರಿನಲ್ಲಿ ಇರುವಾಗ ನಿಲ್ಲುತ್ತದೆ. ಬಿಸಿಲು ಬಿದ್ದು ನೆಲ ಒಣಗತೊಡಗಿದಾಗ ಬೀಳುತ್ತದೆ. ನಮ್ಮ ಪಡಸಾಲೆಯಲ್ಲಿ ಅಜ್ಜನ ಕಾಲದ ಹಗೇವು, ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಬೇರೆ ಇತ್ತು. ಅದರ ತುಂಬ ನೀರು ಇಳಿದು, ನೆಲವೇ ಒಳಗೆ ಜಗ್ಗಿತ್ತು.

ಸರ್ವೆಗೆ ಬಂದದ್ದು ಆಗಸ್ಟ್ ತಿಂಗಳಲ್ಲೇ. ಒಬ್ಬ ಇಂಜಿನಿಯರ್, ಜೊತೆಗೆ ತಲಾಟಿ (ಗ್ರಾಮ ಲೆಕ್ಕಿಗ), ಪಂಚಾಯ್ತಿಯ ಒಬ್ಬ ಹುಡುಗ. ನಮ್ಮ ಮನೆಯ ಮುಂಭಾಗ ಕಲ್ಲಿನದು. ಅಜ್ಜ ಕಲ್ಲು ಕಡಿಸಿ ತಂದು ಕಟ್ಟಿಸಿದ್ದು. ಹಿಂದಿನ ಮೂರು ಗೋಡೆ ಮಣ್ಣಿನವು. ಅವರು ಬಾಗಿಲ ಮುಂದೆ ನಿಂತು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆದರು. ಒಂದೇ ಫೋಟೋ, ಕಲ್ಲಿನ ಕಡೆಯಿಂದ.

ಅಪ್ಪ ಹೇಳಿದ: "ಸಾಹೇಬ್ರ, ಹಿಂದ ಬರ್ರಿ, ಗ್ವಾಡಿ ಹೊಟ್ಟಿ ಬಂದೈತಿ. ಇನ್ನ ಎಂಟ ದಿನ ನಿಲ್ಲೂದಿಲ್ಲ ಅದು."

"ಇವತ್ತ ನಿಂತೈತೆಲ್ಲ ಅಜ್ಜಾರ? ಬಿದ್ದ ಮ್ಯಾಲೆ ನೋಡೂಣಂತ" ಅಂದರಂತೆ.

ಆ ಇಂಜಿನಿಯರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಚಿಕ್ಕ ವಯಸ್ಸಿನ ಹುಡುಗ. ಕೆಸರಿನಲ್ಲಿ ಓಣಿ ಓಣಿ ತಿರುಗಿ ಸಂಜೆಯೊಳಗೆ ಇಡೀ ಊರು ಮುಗಿಸಬೇಕಿತ್ತು. ನನ್ನ ಸಿಟ್ಟು ಆ ಹುಡುಗನ ಕೈಗೆ ಕೊಟ್ಟು ಕಳಿಸಿದ ನಿಯಮದ ಮೇಲೆ. 2019ರ ಆ ನಿಯಮದಲ್ಲಿ ಶೇಕಡಾ 75ಕ್ಕಿಂತ ಜಾಸ್ತಿ ಹಾಳಾಗಿದ್ದರೆ ಎ, ಐದು ಲಕ್ಷ. 25ರಿಂದ 75 ಬಿ, ಕೆಡವಿ ಹೊಸದಾಗಿ ಕಟ್ಟುವುದಾದರೆ ಐದು ಲಕ್ಷ, ರಿಪೇರಿಗೆ ಮೂರು ಲಕ್ಷ. 15ರಿಂದ 25 ಸಿ, ಐವತ್ತು ಸಾವಿರ. ಹದಿನೈದಕ್ಕಿಂತ ಕಡಿಮೆ ಅಂದರೆ ಏನೂ ಇಲ್ಲ. ಶೇಕಡಾ 24 ಮತ್ತು 26ರ ನಡುವೆ ಲಕ್ಷಗಟ್ಟಲೆ ವ್ಯತ್ಯಾಸ. ಅದನ್ನು ಅಳೆಯುವುದು ಕಣ್ಣಳತೆಯಲ್ಲಿ, ಬಾಗಿಲಿನ ಮುಂದೆ ನಿಂತು! ಒದ್ದೆ ಗೋಡೆಯ ಮೇಲೆ ಕೈ ಇಟ್ಟು ನೋಡಬೇಕು ಅಂತ ಆ ನಿಯಮದಲ್ಲಿ ಎಲ್ಲೂ ಇಲ್ಲ. ಮಣ್ಣಿನ ಮನೆಯನ್ನು ಇನ್ನೊಂದು ಸಲ, ಒಣಗಿದ ಮೇಲೆ ನೋಡಬೇಕು ಅಂತಲೂ ಇಲ್ಲ.

ಹಿಂದಿನ ಗೋಡೆ ಸೆಪ್ಟೆಂಬರಿನಲ್ಲಿ ಬಿತ್ತು. ಅಕ್ಟೋಬರಿನಲ್ಲಿ ಹೊಳೆ ಮತ್ತೆ ಬಂತು. ಆ ವರ್ಷ ಅದು ಎರಡನೇ ಸಲ ಬಂದದ್ದು ನಮ್ಮ ಕಡೆಯವರಿಗೆ ನೆನಪಿರುತ್ತದೆ. ಉಳಿದ ಎರಡು ಗೋಡೆ, ಮಾಳಿಗೆ, ಅಡುಗೆಮನೆ ಎಲ್ಲಾ ಹೋಯಿತು. ಕಲ್ಲಿನ ಮುಂಭಾಗ ಮಾತ್ರ ಬಾಗಿಲಿನ ಸಮೇತ ನಿಂತಿತ್ತು. ಬಾಗಿಲು ತೆರೆದರೆ ಆಕಾಶ.

ಫೋಟೋ ತಗೊಂಡು ಹೋದೆವು. ಅರ್ಜಿ ಕೊಟ್ಟೆವು. ಪಟ್ಟಿ ಬದಲಾಯಿಸಲು ತಂತ್ರಾಂಶದಲ್ಲಿ ಅವಕಾಶ ಇಲ್ಲ ಅಂದರು. ಮೇಲಿನವರು ಲಾಗಿನ್ ತೆರೆದರೆ ಮಾಡುತ್ತೇವೆ ಅಂದರು. ಮೇಲಿನವರ ಹತ್ತಿರ ಹೋದರೆ ಕೆಳಗಿನಿಂದ ವರದಿ ಬರಲಿ ಅಂದರು. ಅಪ್ಪ ಎಷ್ಟು ಸಲ ಓಡಾಡಿದ ಅಂತ ಲೆಕ್ಕ ಇಟ್ಟಿಲ್ಲ. ಬಸ್ ಚಾರ್ಜು, ಝೆರಾಕ್ಸು, ಒಂದು ದಿನದ ಕೂಲಿ ಸೇರಿಸಿದರೆ ಆ ಐವತ್ತು ಸಾವಿರದಲ್ಲಿ ಒಳ್ಳೇ ಪಾಲು ಅದಕ್ಕೇ ಹೋಗಿರಬೇಕು. ಆ ಹೊತ್ತಿನಲ್ಲೇ, ಹೊಳೆಯ ನೀರು ಮೆಟ್ಟಿಲೂ ಮುಟ್ಟದ ಮೇಲಿನ ಓಣಿಯ ಕೆಲವು ಮನೆಗಳು ಎ ಆಗಿದ್ದವು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಊರಲ್ಲಿ ಬದುಕಬೇಕು.

"ಇನ್ಸೂರೆನ್ಸ್ ಮಾಡಿಸಿರಲಿಲ್ವಾ?" ಅಂತ ನನ್ನ ಆಫೀಸಿನಲ್ಲಿ ಒಬ್ಬರಲ್ಲ, ಹತ್ತು ಜನ ಕೇಳಿದ್ದಾರೆ. ಕೇಳಿದವರ ಮೇಲೆ ಸಿಟ್ಟಿಲ್ಲ, ಆದರೆ ಆ ಪ್ರಶ್ನೆ ಎದೆಗೆ ಚುಚ್ಚುತ್ತದೆ. ಯಾಕೆಂದರೆ ಅಪ್ಪ ತನ್ನದು ಮಾಡಿಸಿದೆ ಅಂತಲೇ ತಿಳಿದಿದ್ದ. ಪಾಸ್‌ಬುಕ್ ತೆಗೆದು ತೋರಿಸಿದ. "ನೋಡು ತಮ್ಮಾ, ವರ್ಷಾ ವಿಮಾ ಅಂತ ಕಟ್ ಆಗೈತಿ. ಇದು ಮನಿಗೂ ಬರ್ತೈತಲ್ಲ?" ನೋಡಿದೆ. ಒಂದು 12 ರೂಪಾಯಿ, ಅದು ಅಪಘಾತ ವಿಮೆ. ಅವನು ಅಪಘಾತದಲ್ಲಿ ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ ಬರುವುದು. ಇನ್ನೊಂದು ಬೆಳೆ ವಿಮೆ. ಬೆಳೆ ಸಾಲ ತೆಗೆದುಕೊಂಡವರಿಗೆ ಆಗ ಅದು ಕಡ್ಡಾಯ ಇತ್ತು, ಕೇಳದೇ ಕಟ್ ಆಗುತ್ತಿತ್ತು. ಅಪ್ಪನ ಜೀವಕ್ಕೆ ವಿಮೆ ಇತ್ತು, ಹೆಸರುಕಾಳಿನ ಬೆಳೆಗೆ ವಿಮೆ ಇತ್ತು. ಅವನು ಹುಟ್ಟಿದ, ನಾನು ಹುಟ್ಟಿದ ಮನೆಗೆ ಇರಲಿಲ್ಲ. ಮನೆಗೂ ವಿಮೆ ಅಂತ ಒಂದು ಇದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಊರಿನಲ್ಲಿ ಯಾರು ಹೇಳಬೇಕು? ಪೇಟೆಯಲ್ಲಿ ಗೃಹ ಸಾಲ ತೆಗೆದುಕೊಂಡರೆ ಬ್ಯಾಂಕಿನವರೇ ಕೂರಿಸಿ ವಿಮೆಗೆ ಸಹಿ ಹಾಕಿಸುತ್ತಾರೆ. ಗ್ರಾಮಠಾಣಾದ, ಅಂದರೆ ಊರೊಳಗಿನ ಹಳೇ ವಸತಿ ಜಾಗದ, ಮಣ್ಣಿನ ಮನೆಗೆ ಸಾಲ ಕೊಡಲು ಯಾವ ಬ್ಯಾಂಕೂ ಮುಂದೆ ಬರುವುದಿಲ್ಲ. ಸಾಲ ಇಲ್ಲ, ಆದ್ದರಿಂದ ವಿಮೆಯ ಮಾತೂ ಇಲ್ಲ.

2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅಂತ ಒಂದೇ ಮಾದರಿಯ ಪಾಲಿಸಿ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಸಾಮಾನ್ಯ ವಿಮಾ ಕಂಪನಿಗಳಿಗೆಲ್ಲ ಅದನ್ನು ಮಾರಲೇಬೇಕು ಅಂತ ಹೇಳಿದೆ. ಪ್ರವಾಹ ಅದರಲ್ಲೇ ಸೇರಿದೆ, ಬೇರೆ ದುಡ್ಡು ಕಟ್ಟಬೇಕಿಲ್ಲ. ಜಾಗದ ಬೆಲೆ ಕೊಡುವುದಿಲ್ಲ, ಮತ್ತೆ ಕಟ್ಟುವ ಖರ್ಚು ಕೊಡುತ್ತಾರೆ. ಮನೆಯ ಸಾಮಾನಿಗೂ ಮನೆಯ ಮೊತ್ತದ ಶೇಕಡಾ 20ರವರೆಗೆ, ಹತ್ತು ಲಕ್ಷ ಮೀರದಂತೆ, ತಾನಾಗಿಯೇ ಸಿಗುತ್ತದೆ. ಓದಿದಾಗ ಖುಷಿಯಾಯ್ತು. ಈಗ ಅಪ್ಪ ಅವ್ವ ಇರುವ ಎರಡು ಕೋಣೆಗೆ ಮಾಡಿಸೋಣ ಅಂತ ಒಂದು ಕಂಪನಿಗೆ ಹೋದೆ. ಆ ಎರಡು ಕೋಣೆ ಕಟ್ಟಿದ್ದು ಆ ಐವತ್ತು ಸಾವಿರ, ಅವ್ವನ ಬಂಗಾರ, ನನ್ನ ಸಾಲ ಸೇರಿಸಿ. ಮುಂದೆ ಅಜ್ಜನ ಕಲ್ಲು, ಒಂದು ಕಡೆ ಸಿಮೆಂಟ್ ಇಟ್ಟಿಗೆ, ಇನ್ನೊಂದು ಕಡೆ ದುಡ್ಡು ಸಾಲದೆ ಮತ್ತೆ ಮಣ್ಣು, ಮೇಲೆ ತಗಡು.

ಮೊದಲು ಇ-ಸ್ವತ್ತು, ಅಂದರೆ ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆ, ಕೇಳಿದರು. ಮನೆಯ ಉತಾರ (ಆಸ್ತಿ ಪತ್ರ) ಇನ್ನೂ ಅಜ್ಜನ ಹೆಸರಲ್ಲಿದೆ. ಆಮೇಲೆ ಗೋಡೆ ಯಾವುದರದು ಅಂದರು. ಹೊಳೆ ಎಷ್ಟು ದೂರ ಅಂದರು. ಹೇಳಿದೆ. ಮೇಲೆ ಕೇಳಿ ಹೇಳುತ್ತೇವೆ ಅಂದವರು ಇವತ್ತಿನವರೆಗೂ ಫೋನ್ ಎತ್ತಿಲ್ಲ. ನೀರು ಬರದ ಮೂರನೇ ಮಹಡಿಯ ಫ್ಲಾಟಿಗೆ ಪ್ರವಾಹದ ವಿಮೆ ಅದೇ ದಿನ ಸಿಗುತ್ತದೆ. ನೀರು ಬರುವ ಮನೆಗೆ ಸಿಗುವುದಿಲ್ಲ. ಇದನ್ನು ಯಾರಿಗೆ ಹೇಳಲಿ?

ವಿಮೆ ಇಲ್ಲದವನಿಗೆ ಸರ್ಕಾರವೇ ವಿಮೆ ಅಲ್ವಾ? ಕೇಂದ್ರದ ವಿಪತ್ತು ನಿಧಿಯ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಆಗ ಇದ್ದದ್ದು 95,100 ರೂಪಾಯಿ. ಭಾಗಶಃ ಬಿದ್ದ ಕಚ್ಚಾ ಮನೆಗೆ 3,200. ಮೂರು ಸಾವಿರದ ಇನ್ನೂರರಲ್ಲಿ ಗೋಡೆ ಎತ್ತುವುದಿರಲಿ, ಬಿದ್ದ ಮಣ್ಣು ಸಾಗಿಸಲೂ ಆಗುವುದಿಲ್ಲ. ರಾಜ್ಯ ತನ್ನ ಕೈಯಿಂದ ಸೇರಿಸಿ ಐದು ಲಕ್ಷ ಮಾಡಿತು. ಅದು ಒಳ್ಳೆಯ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಆ ಐದು ಲಕ್ಷ ಸಿಕ್ಕವರ ಕಥೆ ಕೇಳಿ.

ನಮ್ಮ ಮಗ್ಗುಲ ಮನೆ ಕಾಕಾನದು. ನೀರಿನಲ್ಲೇ ಬಿದ್ದದ್ದರಿಂದ ಎ ಆಯ್ತು. ಮೊದಲ ಕಂತು ಒಂದು ಲಕ್ಷ ಬಂತು. ಬುನಾದಿ ಹಾಕಿದರು, ಫೋಟೋ ಹೊಡೆಸಿದರು. ಎರಡನೇ ಕಂತು ಬರುವುದರೊಳಗೆ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯ್ತು. ಗೌಂಡಿಗಳು ಸಿಗಲಿಲ್ಲ, ಮರಳು ಸಿಗಲಿಲ್ಲ. ಮತ್ತೆ ಕೆಲಸ ಶುರುವಾಗುವ ಹೊತ್ತಿಗೆ ಕಿಲೋಗೆ 40ರ ಆಸುಪಾಸು ಇದ್ದ ಕಬ್ಬಿಣ 60 ದಾಟಿತ್ತು. ಕಂತಿನ ಮೊತ್ತ ಮಾತ್ರ ಹಾಗೇ ಇತ್ತು. ನಿಯಮ ಹೇಗಿದೆ ಅಂದರೆ, ಮೊದಲು ನೀನು ಕಟ್ಟು, ಫೋಟೋ ತೋರಿಸು, ಆಮೇಲೆ ದುಡ್ಡು. ಕೈಯಲ್ಲಿ ದುಡ್ಡಿದ್ದವನು ಕಟ್ಟಿ ತೋರಿಸುತ್ತಾನೆ. ಎಲ್ಲಾ ಹೊಳೆಗೆ ಕೊಟ್ಟು ಕುಳಿತವನು ಬಡ್ಡಿಗೆ ತರಬೇಕು. ಕಾಕಾ ಬಡ್ಡಿಗೆ ತಂದ. ಬಾಗಿಲಿನ ಮೇಲಿನ ಲಿಂಟಲ್ ಮಟ್ಟಕ್ಕೆ ಏರಿಸಿದ. ಫೋಟೋ ಆಯ್ತು. ಆ ಫೋಟೋ ಎಲ್ಲಿ ಹೋಯಿತೋ, ದುಡ್ಡು ಬರಲಿಲ್ಲ. ಕಟ್ಟಡ ಇವತ್ತಿಗೂ ಲಿಂಟಲ್ ಮಟ್ಟದಲ್ಲೇ ನಿಂತಿದೆ. ಒಳಗೆ ಜಾಲಿಕಂಟಿ ಆಳುದ್ದ ಬೆಳೆದಿದೆ. ಕಾಕಾ, ಚಿಗವ್ವ ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಆ ಶೆಡ್ಡಿನೊಳಗೆ ಹತ್ತು ನಿಮಿಷ ಕೂತು ನೋಡಿ.

ಕಳೆದ ವಾರ ಕಚೇರಿಯಲ್ಲಿ ಹೇಳಿದ ಮಾತು ಇದು: "ನಿಮ್ದು ಅವಧಿಯೊಳಗ ಮುಗದಿಲ್ಲ. ಫೈಲ್ ಬ್ಲಾಕ್ ಆಗೇದ."

ಅವಧಿಯೊಳಗೆ ಮುಗಿಸಲಿಲ್ಲ ಅಂತ ಕಾಕಾನಿಗೆ ಹೇಳುತ್ತಾರೆ! ದುಡ್ಡು ಅವಧಿಯೊಳಗೆ ಬಂತಾ? ಕೊಡುವವರಿಗೆ ಗಡುವಿಲ್ಲ, ಕಟ್ಟುವವನಿಗೆ ಮಾತ್ರ ಇದೆ. ಕಾಕಾ ಏನೂ ಮಾತಾಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಕಟ್ಟೆ ಮೇಲೆ ಕೂತ. ಎಪ್ಪತ್ತರ ಹತ್ತಿರದ ಮನುಷ್ಯ. ಅವನನ್ನು ಹಾಗೆ ನೋಡಲು ನನಗೆ ಆಗಲಿಲ್ಲ.

"ಹೊಳಿ ದಂಡಿಗೆ ಯಾಕ ಇರ್ತೀರಿ? 2009ರಾಗ ಆಸರೆ ಮನಿ ಕೊಟ್ಟಿದ್ವಲ್ಲ" ಅನ್ನುವ ಮಾತನ್ನೂ ಅಲ್ಲೇ ಕೇಳಿದೆ. 2009ರ ನೆರೆ ಆದ ಮೇಲೆ ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಪುನರ್ವಸತಿ ಮನೆಗಳು ಅವು, ಕೊಟ್ಟಿದ್ದರು ನಿಜ. ಹೊಲದಿಂದ ದೂರ, ಎರಡು ಸಣ್ಣ ಕೋಣೆ. ಎಮ್ಮೆ ಎಲ್ಲಿ ಕಟ್ಟಬೇಕು, ಮೇವು ಎಲ್ಲಿ ಒಟ್ಟಬೇಕು, ನೇಗಿಲು ಎಲ್ಲಿ ಇಡಬೇಕು ಅಂತ ಯಾರೂ ಕೇಳಿರಲಿಲ್ಲ. ರೈತನ ಮನೆ ಅಂದರೆ ಮಲಗುವ ಜಾಗ ಮಾತ್ರ ಅಂತ ತಿಳಿದವರು ಹಾಕಿದ ನಕ್ಷೆ ಅದು. ನಮ್ಮೂರಿಗೆ ಸರಿಯಾದ ಜಾಗ, ದನ ಕಟ್ಟಲು ಹಿತ್ತಲು ಕೊಟ್ಟರೆ ನಾಳೆಯೇ ಹೊರಡುವವರು ಇದ್ದಾರೆ. ಆಗಸ್ಟ್ ಬಂದರೆ ನಮ್ಮವ್ವ ಈಗಲೂ ಕಾಗದಪತ್ರದ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಗಿಲ ಹತ್ತಿರದ ಮೊಳೆಗೆ ತೂಗು ಹಾಕುತ್ತಾಳೆ. ಹೊಳೆ ದಂಡೆಯಲ್ಲಿರಲು ಆಕೆಗೇನು ಆಸೆಯೇ?

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಮಣ್ಣಿನ ಮನೆಗೆ ನೀರು ಇಳಿದ ಎರಡು ತಿಂಗಳ ಮೇಲೆ ಇನ್ನೊಂದು ಸರ್ವೆ ಮಾಡಿ. ಫೋಟೋವನ್ನು ನಾಲ್ಕೂ ಕಡೆಯಿಂದ ತೆಗೆಯಿರಿ. ಕಂತು ತಡವಾದರೆ ಗಡುವೂ ಅಷ್ಟೇ ದಿನ ಮುಂದಕ್ಕೆ ಹೋಗಲಿ. ಬೆಳೆ ವಿಮೆಯನ್ನು ಕೇಳದೇ ಕಟ್ ಮಾಡಲು ಬರುತ್ತಿತ್ತು ಅಂದಮೇಲೆ, ಮನೆಗೂ ಒಂದು ವಿಮೆ ಇದೆ ಅಂತ ಪಂಚಾಯ್ತಿ ಗೋಡೆಯ ಮೇಲೆ ಬರೆಸಲು ಏನು ಕಷ್ಟ?

ಸೋಮವಾರ ರಜೆ ಹಾಕಿದ್ದೇನೆ. ಕಾಕಾನ ಲಿಂಟಲ್ ಫೋಟೋ, ನಮ್ಮ ಮನೆಯ ಸೆಪ್ಟೆಂಬರಿನದು, ಅಕ್ಟೋಬರಿನದು ಎಲ್ಲಾ ತಾರೀಖಿನ ಸಮೇತ ಪ್ರಿಂಟ್ ತೆಗೆಸಿದ್ದೇನೆ. ನಮ್ಮ ಓಣಿಯಿಂದ ಏಳು ಮನೆಯವರು ಬರುತ್ತೇವೆ ಅಂದಿದ್ದಾರೆ. ಸರ್ವೆ ಆದ ಮೇಲೆ ನಿಮ್ಮ ಮನೆಯೂ ಬಿದ್ದಿದ್ದರೆ, ಮೊಬೈಲಿನಲ್ಲಿ ಹಳೇ ಫೋಟೋ ಇದ್ದರೆ ಅಳಿಸಬೇಡಿ. ತಗೊಂಡು ಬನ್ನಿ.